ಹಳೇ ಹಬ್ಬದ ಜರಿ, ಹೊಸ ತೊಟ್ಟಿಲು

ಬಾಡಿಗೆಯವರಿಗೆ ಹೇಳಿದರೆ ಇವತ್ತಲ್ಲ ನಾಳೆ ಮನೆ ಬಿಡುತ್ತಾರೆ. ಜರಿ ಕಾಗದ ಬಿಡುವುದಿಲ್ಲ. ಮೊನ್ನೆ ಬೆಳಿಗ್ಗೆ ನಮ್ಮ ಮೊಮ್ಮಗಳ ಎಡಗೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಏನೋ ಹೊಳೆಯುತ್ತಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಜರಿ ಚೂರು. ಮೊಮ್ಮಗಳಿಗೆ ಈಗ ಒಂದೂವರೆ ವರ್ಷ, ಆ ಚೂರಿಗೆ ಏನಿಲ್ಲವೆಂದರೂ ಮೂವತ್ತು. ಇಬ್ಬರೂ ಚೆನ್ನಾಗಿ ಹೊಂದಿಕೊಂಡಿದ್ದರು. ನಾನು ಅದನ್ನು ತೆಗೆಯಲು ಹೋಗಲಿಲ್ಲ. ಅವಳ ಕೆನ್ನೆಯ ಮೇಲಿದ್ದರೆ ಇದ್ದಿಲ ಚೂರೂ ಚಂದ್ರನ ಹಾಗೆ ಕಾಣುತ್ತದೆ. ಇದನ್ನು ನಾನು ಅಜ್ಜನಾಗಿ ಹೇಳುತ್ತಿಲ್ಲ, ಯಾವ ಪಕ್ಷಪಾತವೂ ಇಲ್ಲದ ದಾರಿಹೋಕನಾಗಿ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಆ ಚೂರು ಬಂದಿದ್ದು ನಮ್ಮ ಅಟ್ಟದ ಮೂಟೆಯಿಂದ. ವಿಜಯನಗರದ ನಮ್ಮ ಮನೆ ಎಷ್ಟು ದೊಡ್ಡದು ಅಂದರೆ ಒಬ್ಬರು ಕೈ ಚಾಚಿ ಮೈ ಮುರಿದರೆ ಇನ್ನೊಬ್ಬರು ಎದ್ದು ಹೊರಗೆ ಹೋಗಬೇಕು. ಅಂಥ ಮನೆಯಲ್ಲಿ ಮೂರು ಗೋಣಿಚೀಲದ ತುಂಬ ಹಳೇ ಹಬ್ಬಗಳನ್ನು ಕಟ್ಟಿಟ್ಟಿದ್ದೇನೆ. ಗೌರಿ ಗಣೇಶನ ಥರ್ಮೋಕೋಲ್ ಮಂಟಪ, ದೀಪಾವಳಿಯ ಆಕಾಶಬುಟ್ಟಿಯ ಬಿದಿರು ಕಡ್ಡಿಗಳು, ವರಮಹಾಲಕ್ಷ್ಮಿಯ ಪ್ಲಾಸ್ಟಿಕ್ ಕಮಲ, ಅರ್ಧ ಮಾತ್ರ ಉರಿಯುವ ಸೀರಿಯಲ್ ಸೆಟ್ಟು. ನಮ್ಮ ಮನೆಯವಳು ಜಯಮ್ಮ ಹೇಳುವುದೇನೆಂದರೆ, ಆ ಮೂಟೆಗಳ ಜಾಗದಲ್ಲಿ ಇನ್ನೊಂದು ಮಗುವನ್ನು ಹೆತ್ತು, ಬೆಳೆಸಿ, ಮದುವೆಯನ್ನೂ ಮಾಡಬಹುದಾಗಿತ್ತಂತೆ. ನಮಗಿರುವುದು ಒಬ್ಬಳೇ ಮಗಳು, ಸುಧಾ. ಅದಕ್ಕೆ ಕಾರಣ ನನ್ನ ಮೂಟೆಗಳು ಎಂದು ಮೂವತ್ತು ವರ್ಷದ ಮೇಲೆ ಗೊತ್ತಾಗಿ ನನಗೆ ತುಂಬಾ ಬೇಸರವಾಯಿತು.

ಈ ಕೂಡಿಡುವ ಚಟ ನನಗೆ ಅಪ್ಪನ ಕೊಟ್ಟಿಗೆಯಿಂದ ಬಂದಿದ್ದು. ನಮ್ಮೂರು ಕೆಂಗೇರಿಯಿಂದ ಆಚೆಗೆ. ಈಗ ಅದನ್ನು ಹಳ್ಳಿ ಎಂದರೆ ಆಟೋದವರು ನಗುತ್ತಾರೆ. ಆಗ ಸಂಕ್ರಾಂತಿಗೆ ನಮ್ಮ ಎರಡು ಎತ್ತುಗಳ ಕೊಂಬಿಗೆ ಬಣ್ಣದ ಕಾಗದ, ಕೆಂಪು ಉಲ್ಲನ್ನಿನ ಕುಚ್ಚು. ಬಸವನಿಗೆ ಹೊಸ ಕುಚ್ಚು, ಮಗನಿಗೆ ಬಸವ ಬಿಟ್ಟ ಕುಚ್ಚು. ಅದೇ ನಮ್ಮ ಮನೆಯ ಕಾನೂನು. ಕಿಚ್ಚು ಹಾಯಿಸಿ ಬಂದ ಮೇಲೆ ಅವ್ವ ಆ ಕುಚ್ಚುಗಳನ್ನು ಬಿಚ್ಚಿ, ಸೀಗೆಕಾಯಿಯಲ್ಲಿ ತೊಳೆದು, ಹೊಗೆವಾಸನೆ ಹೋಗುವವರೆಗೆ ನೆರಳಲ್ಲಿ ಒಣಗಿಸಿ ಎತ್ತಿಡುತ್ತಿದ್ದಳು. ಯುಗಾದಿಗೆ ಅವೇ ಬಾಗಿಲಿಗೆ, ಗೌರಿ ಹಬ್ಬಕ್ಕೆ ಅವೇ ಮಂಟಪಕ್ಕೆ. ಬೀಡಿ ಅಂಗಡಿಯ ಮುಂದೆ ಬಿದ್ದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಆಯ್ದು ಬಂದು ಉಗುರಿನಲ್ಲಿ ತೀಡಿ ಸುಕ್ಕು ಬಿಡಿಸುವುದು ನನ್ನ ಪಾಲಿನ ಕೆಲಸ. ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ಕ್ಲಾಸಿನಲ್ಲಿ. ಆ ಕ್ಲಾಸು ನನಗೆ ಎಷ್ಟು ಹಿಡಿಸಿತ್ತೆಂದರೆ ಎರಡು ವರ್ಷ ಅಲ್ಲೇ ಕೂತಿದ್ದೆ. ಮೇಷ್ಟರಿಗೆ ನನ್ನ ಮೇಲೆ ಇದ್ದ ಒಂದೇ ಒಂದು ಒಳ್ಳೆಯ ಅಭಿಪ್ರಾಯ, ಬೆಳ್ಳಿ ಕಾಗದ ತೀಡುವುದರಲ್ಲಿ ಈ ಹೋಬಳಿಗೇ ಇವನ ಸಮ ಇಲ್ಲ ಎಂಬುದು. ಅದನ್ನು ಅಂಕಪಟ್ಟಿಯಲ್ಲಿ ಬರೆಯಲು ಜಾಗ ಇರಲಿಲ್ಲ.

ಮುಂದೆ ಸಿಟಿ ಬಸ್ಸಿನ ಸ್ಟೇರಿಂಗು ಕೈಗೆ ಬಂತು. ಮೊದಲ ಆಯುಧಪೂಜೆಗೆ ಅಪ್ಪನ ಎತ್ತಿನ ಕುಚ್ಚುಗಳನ್ನು ಊರಿಂದ ತಂದು ಬಸ್ಸಿನ ಕನ್ನಡಿಗಳಿಗೆ ಕಟ್ಟಿದೆ. ಆಯುಧಪೂಜೆಯ ದಿನ ನಮ್ಮ ಬಸ್ಸುಗಳನ್ನು ನೀವು ನೋಡಿದ್ದೀರಲ್ಲ. ಮುಂದೆ ಎರಡು ಬಾಳೆಕಂದು, ಗಾಜಿನ ತುಂಬ ಜರಿ, ಚೆಂಡುಹೂ, ಬಣ್ಣದ ಕಾಗದದ ಸರಪಳಿ. ಚಾಲಕನಿಗೆ ರಸ್ತೆ ಒಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು. ಮಾರನೇ ದಿನ ಎಲ್ಲರೂ ಕಿತ್ತು ಬಿಸಾಡಿದರೆ ನಾನು ಒಂದು ಚೀಲ ಹಿಡಿದು ಸಾಲಾಗಿ ನಿಂತ ಬಸ್ಸುಗಳ ಮುಂದೆ ನಡೆಯುತ್ತಿದ್ದೆ. ಹೀಗೆ ನನಗೆ ಗುಜರಿ ರಾಮಣ್ಣ ಎಂಬ ಬಿರುದು ಬಂತು. ಬೇರೆಯವರಿಗೆ ಒಳ್ಳೆಯ ಚಾಲಕ ಎಂದು ಪದಕ ಕೊಟ್ಟ ವರ್ಷ ನನಗೆ ಸಿಕ್ಕಿದ್ದು ಇದು. ಪದಕ ಕಳೆದುಹೋಗುತ್ತದೆ, ಬಿರುದು ಹೋಗಲಿಲ್ಲ.

ಈಗಿನವರಿಗೆ ಇದೆಲ್ಲ ಬೇಕಿಲ್ಲ. ನಮ್ಮ ಮಾರ್ಕೆಟ್ ರಸ್ತೆಯಲ್ಲೇ ಮೂರು ಅಂಗಡಿಗಳಾಗಿವೆ, ಹಬ್ಬವನ್ನು ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಬಿಚ್ಚಿ, ಅಂಟಿಸಿ, ಫೋಟೋ ತೆಗೆಸಿಕೊಂಡು, ಸಂಜೆ ಕಸದವರಿಗೆ ಕೊಡುವುದು. ಬಲೂನಿನ ಕಮಾನು ಅಂತ ಇನ್ನೊಂದು. ಅದರ ಕೆಳಗೆ ಯಾರು ನಿಂತರೂ ಪೆಟ್ರೋಲ್ ಬಂಕಿನ ಉದ್ಘಾಟನೆಗೆ ಬಂದವರ ಹಾಗೆ ಕಾಣುತ್ತಾರೆ.

ಇಂಥ ಕಾಲದಲ್ಲಿ, ಮೆಟ್ರೋಗೆಂದು ನಮ್ಮ ರಸ್ತೆಯನ್ನು ಅಗೆಯಲು ಶುರು ಮಾಡಿದ ವರ್ಷ, ಸುಧಾಳಿಗೆ ಹೆಣ್ಣುಮಗು ಆಯಿತು. ಚೊಚ್ಚಲು ಹೆರಿಗೆ, ನಮ್ಮ ಮನೆಯಲ್ಲೇ ಬಾಣಂತನ. ಆಸ್ಪತ್ರೆಯಲ್ಲಿ ಸುದ್ದಿ ಕೇಳಿದ ನಾನು ಮೈಸೂರ್‌ಪಾಕಿನ ಡಬ್ಬ ಹಿಡಿದು ಹೊರಟವನು ಹೆರಿಗೆ ವಾರ್ಡಿನಲ್ಲಿ ನಿಲ್ಲಲಿಲ್ಲ. ಮೂಳೆ ಮುರಿದವರಿಗೆ ಕೊಟ್ಟೆ, ಸಕ್ಕರೆ ಕಾಯಿಲೆಯವರಿಗೆ ಕೊಟ್ಟೆ, ಹಲ್ಲು ಕೀಳಿಸಿಕೊಂಡು ಬಾಯಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಒಬ್ಬರ ಕೈಗೂ ಒಂದು ತುಂಡು ಇಟ್ಟೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಗುವಿಗೆ ನನ್ನದೇ ಹುಬ್ಬು. ಜಯಮ್ಮ ಎಲ್ಲಿ ಹುಬ್ಬು, ಇನ್ನೂ ಬಂದೇ ಇಲ್ಲ ಎಂದಳು. ಬರುವುದು ನನ್ನದೇ ಎಂದೆ.

ಮೂರನೇ ತಿಂಗಳಲ್ಲಿ ನಾಮಕರಣ ಎಂದು ಗೊತ್ತಾಯಿತು. ನಮ್ಮಲ್ಲಿ ಅದು ತಾಯಿಯ ತವರಲ್ಲೇ ಆಗುವುದು. ನಾನು ತೊಟ್ಟಿಲನ್ನೂ ತಂದಾಗಿತ್ತು. ಮೇಲಿಂದ ನೇತುಹಾಕುವ ತೊಟ್ಟಿಲು ಈಗ ಎಲ್ಲಿ ಸಿಗುತ್ತದೆ, ಸಿಕ್ಕರೂ ನೇತುಹಾಕಲು ನಮ್ಮ ಸೂರಿಗೆ ಆ ತಾಕತ್ತು ಎಲ್ಲಿದೆ. ಇದು ನೆಲದ ಮೇಲೆ ನಿಲ್ಲುವ ಮರದ ತೊಟ್ಟಿಲು, ಅಂಗೈ ಅಗಲದ ನಾಲ್ಕು ಚಕ್ರ, ಹಿಂದಿನ ಎರಡಕ್ಕೆ ಬ್ರೇಕು. ಅಂಗಡಿಯವರು ಮರದ ಬಗ್ಗೆ ಹೇಳುತ್ತಿದ್ದರು. ನಾನು ಬ್ರೇಕು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಿದ್ದೆ. ನನ್ನ ಬಸ್ಸಿನ ಬ್ರೇಕಿಗಿಂತ ಚೆನ್ನಾಗಿತ್ತು.

ಆಗ ಬಂದರು ನಮ್ಮ ಬೀಗಿತ್ತಿ ಪುಟ್ಟಲಕ್ಷ್ಮಮ್ಮನವರು, ಸುಧಾಳ ಅತ್ತೆ. ಕೆಂಗೇರಿಯ ಹಳೇ ಕುಳ. ಹೊಲ ಲೇಔಟಾದ ಮೇಲೆ ಉಪನಗರದಲ್ಲಿ ಮನೆ ಕಟ್ಟಿದವರು, ಎರಡು ಟೆಂಪೋ ಓಡಿಸುವವರು. ಜೊತೆಗೆ ಅವರ ಯಜಮಾನರು, ನಮ್ಮ ಬೀಗರು. ಬೀಗರು ಮಾತಾಡುವುದಿಲ್ಲ. ಮದುವೆ ಮಾತುಕತೆಯ ದಿನ ಅವರು ಹೂಂ ಎಂದಿದ್ದರು, ಆಮೇಲೆ ಇನ್ನೊಮ್ಮೆ ಅನ್ನಲು ಅವರಿಗೆ ಸಂದರ್ಭ ಬಂದಿರಲಿಲ್ಲ. ಬೀಗಿತ್ತಿ ಮಗುವನ್ನು ಮುದ್ದಾಡಿ, ನಮ್ಮ ಮನೆಯನ್ನು ನಾಲ್ಕೂ ಕಡೆ ನೋಡಿದರು. ಅದಕ್ಕೆ ಅವರು ಕತ್ತು ತಿರುಗಿಸಬೇಕಾಗಲಿಲ್ಲ.

“ಮನೆ ಚೊಕ್ಕವಾಗಿದೆ ಬೀಗರೇ,” ಎಂದರು. “ಫೋಟೋದವ್ರು ಎಲ್ಲಿ ನಿಂತ್ಕೋತಾರೆ?”

ಆಮೇಲೆ ಚೀಲದಿಂದ ಒಂದು ಆಲ್ಬಂ ತೆಗೆದರು. ಅವರ ಮನೆ ಹತ್ತಿರದ ಒಂದು ಪಾರ್ಟಿ ಹಾಲು, ಅದರಲ್ಲಿ ಅಲಂಕಾರದವರು ಮಾಡಿದ ನಾಮಕರಣಗಳ ಫೋಟೋ. ಹಂಸದ ಆಕಾರದ ತೊಟ್ಟಿಲು, ಚಿಪ್ಪಿನ ಆಕಾರದ ತೊಟ್ಟಿಲು, ಬಲೂನು, ಮತ್ತೆ ಬಲೂನು. ಒಂದು ಫೋಟೋದಲ್ಲಿ ಮಗು ಎಲ್ಲಿದೆ ಎಂದು ನಾನು ಬಹಳ ಹೊತ್ತು ಹುಡುಕಿದೆ. ನಾಮಕರಣ ಅಲ್ಲೇ ಆಗಲಿ, ನೀವು ಯಾವ ತೊಂದರೆಯೂ ತೆಗೆದುಕೊಳ್ಳದೆ ಆರಾಮಾಗಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರೆ ಸಾಕು ಎಂದರು ಬೀಗಿತ್ತಿ. ಬಹಳ ಒಳ್ಳೆಯ ಮನಸ್ಸಿನಿಂದ ಹೇಳಿದರು. ನನಗೆ ಚುಚ್ಚಿದ್ದು ಅದೇ.

ಯಾಕೆಂದು ಹೇಳಿಬಿಡುತ್ತೇನೆ. ಸುಧಾಳ ನಾಮಕರಣದ ದಿನ ಜಯಮ್ಮನ ತವರಲ್ಲಿ ಎಲ್ಲರೂ ಇದ್ದರು, ನಾನಿರಲಿಲ್ಲ. ಹಬ್ಬದ ರಶ್ಶು, ಸ್ಪೆಷಲ್ ಬಸ್ಸು, ಒಂದು ಟ್ರಿಪ್ಪು ಮುಗಿಸಿ ಬಂದುಬಿಡುತ್ತೇನೆ ಎಂದು ಹೋದವನು ನಾಲ್ಕು ಟ್ರಿಪ್ಪು ಹೊಡೆದೆ. ಮಾವನ ಮನೆಗೆ ಬಂದಾಗ ಎಲೆ ಎತ್ತಿ, ನೆಲ ಒರೆಸಿಯಾಗಿತ್ತು. ಜಯಮ್ಮ ಮಾತು ಬಿಟ್ಟಿದ್ದಳು. ನನ್ನ ಮಗಳ ಹೆಸರೇನು ಎಂದು ನಾನು ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡೆ. ಹೀಗಿರುವಾಗ ಮೊಮ್ಮಗಳ ನಾಮಕರಣಕ್ಕೆ ನಾನು ಹಾಲಿನಲ್ಲಿ ಕುರ್ಚಿ ಮೇಲೆ ಕೂತು ಜ್ಯೂಸು ಕುಡಿಯಬೇಕೆ? ನನ್ನ ಮನೆಯಲ್ಲಿ, ನನ್ನ ಕೈಯಾರೆ ಆಗಬೇಕು ಎಂದು ಹಠ ಹಿಡಿದೆ. ಸುಧಾಳೂ ಇಲ್ಲೇ ಇರಲಿ ಎಂದಳು. ಅಳಿಯಂದಿರು ತಾಯಿಯ ಮಾತಿಗೂ ತಲೆ ಆಡಿಸಿದರು, ಹೆಂಡತಿಯ ಮಾತಿಗೂ ಆಡಿಸಿದರು. ಬುದ್ಧಿವಂತರು.

ಕೊನೆಗೆ ಬೀಗಿತ್ತಿ ಒಂದು ಷರತ್ತು ಹಾಕಿದರು. “ಭಾನುವಾರ ಬಂದು ನೋಡ್ತೀನಿ. ಹಬ್ಬದ ಮನೆ ಥರ ಕಂಡ್ರೆ ಇಲ್ಲೇ ಆಗ್ಲಿ. ಇಲ್ದಿದ್ರೆ ಹಾಲಿಗೆ ಫೋನ್ ಮಾಡ್ಬಿಡ್ತೀನಿ. ನೀವು ಬೇಜಾರ್ ಮಾಡ್ಕೋಬಾರ್ದು.”

ಅವರು ಹೊಸ್ತಿಲು ದಾಟುವ ಮೊದಲೇ ನಾನು ಅಟ್ಟಕ್ಕೆ ಏಣಿ ಹಾಕಿದೆ.

ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ, ಗುಜರಿ ಅಂಗಡಿಯೂ ಆಗಿರಲಿಲ್ಲ, ಅದಕ್ಕೂ ಒಂದು ಶಿಸ್ತು ಇರುತ್ತದೆ. ಗಣೇಶನ ಮಂಟಪದ ಮೇಲ್ಭಾಗ ಕೊಯ್ದು ತೊಟ್ಟಿಲಿಗೆ ಛತ್ರಿ ಮಾಡಿದೆ. ಆಕಾಶಬುಟ್ಟಿಯ ಕಡ್ಡಿಗಳಿಗೆ ಜಯಮ್ಮನ ಒಂದು ಹರಿದ ರೇಷ್ಮೆ ಸೀರೆಯ ಸೆರಗು ಸುತ್ತಿ ಕಿಟಕಿಗೆ ತೂಗುಹಾಕಿದೆ. ಸೀರೆ ಹರಿದಿದ್ದು ಯಾವಾಗ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಬಸ್ಸಿನ ಕಾಗದದ ಸರಪಳಿಗಳ ಹೊರಮೈ ಬಿಸಿಲಿಗೆ ಬಿಳಚಿಕೊಂಡಿತ್ತು, ಒಳಮೈ ಹೊಸದರಂತಿತ್ತು. ಒಂದೊಂದು ಕೊಂಡಿಯನ್ನೂ ಬಿಚ್ಚಿ ಮಗುಚಿ ಮತ್ತೆ ಜೋಡಿಸಿದೆ. ಮೊದಲು ಮೈದಾ ಅಂಟು ಬಳಸಿದೆ. ಬೆಳಗಾಗುವುದರೊಳಗೆ ವಿಜಯನಗರದ ಇರುವೆಗಳೆಲ್ಲ ನಾಮಕರಣಕ್ಕೆ ಮುಂಚಿತವಾಗಿ ಬಂದಿದ್ದವು. ಆಮೇಲೆ ಎಲ್ಲವನ್ನೂ ಸೂಜಿ ದಾರದಲ್ಲಿ ಹೊಲಿಯಬೇಕಾಯಿತು. ನಾನು ಸೂಜಿಗೆ ದಾರ ಪೋಣಿಸುವುದನ್ನು ಅರ್ಧ ಗಂಟೆ ನೋಡಿದ ಜಯಮ್ಮ ಕಸಿದುಕೊಂಡು ಕೂತಳು. ತಾನು ಸಹಾಯ ಮಾಡುತ್ತಿಲ್ಲ, ನಾನು ಕೆಡಿಸುವುದನ್ನು ತಡೆಯುತ್ತಿದ್ದೇನೆ ಅಷ್ಟೆ ಎಂದು ಸ್ಪಷ್ಟವಾಗಿ ಹೇಳಿದಳು. ತೊಟ್ಟಿಲ ನಾಲ್ಕು ಮೂಲೆಗೆ ಅಪ್ಪನ ಎತ್ತಿನ ಕುಚ್ಚುಗಳನ್ನು ಕಟ್ಟಿದವಳು ಅವಳೇ. ಕಟ್ಟಿ, ಎಳೆದು ನೋಡಿ, ಮಗುವಿನ ಕೈಗೆ ಸಿಗದಷ್ಟು ಮೇಲಕ್ಕೆ ಮತ್ತೆ ಕಟ್ಟಿದಳು.

ಭಾನುವಾರ ಬಂತು. ಬೀಗಿತ್ತಿ ಬಂದರು, ಬೀಗರೂ ಬಂದರು. ಸುಧಾ ಮಗುವನ್ನು ಎತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ನಾಮಕರಣಕ್ಕೆ ಮೊದಲು ಮಗುವನ್ನು ತೊಟ್ಟಿಲಿಗೆ ಹಾಕುವಂತಿಲ್ಲವಲ್ಲ, ತೊಟ್ಟಿಲು ಖಾಲಿಯಾಗಿ ಹೊಳೆಯುತ್ತಿತ್ತು. ಸೀರಿಯಲ್ ಸೆಟ್ಟು ಹಾಕಿದೆ. ಆ ದಿನ ಅರ್ಧಕ್ಕಿಂತ ಎರಡು ಬಲ್ಬು ಹೆಚ್ಚೇ ಉರಿದವು.

ಬೀಗಿತ್ತಿ ಪರೀಕ್ಷೆಗೆ ಬಂದ ಶಾಲಾ ಇನ್‌ಸ್ಪೆಕ್ಟರ ಹಾಗೆ ಒಂದೊಂದನ್ನೇ ಮುಟ್ಟಿ ನೋಡಿದರು. ಛತ್ರಿಯ ಹತ್ತಿರ ಬಂದಾಗ ಕೈ ನಿಂತಿತು.

“ಇದು ಗಣಪತಿದಲ್ವಾ?”

ಹೌದು ಎಂದೆ.

“ಗಣಪತಿ ಜೊತೇಲಿ ನೀರಿಗೆ ಹೋಗಬೇಕಾಗಿದ್ದು ಬೀಗರೇ ಇದು. ನಿರ್ಮಾಲ್ಯ. ಅದನ್ನ ತಂದು ಕೂಸಿನ ತಲೆ ಮೇಲೆ ಇಡ್ತಾರಾ?”

ಜಯಮ್ಮ ನನ್ನನ್ನು ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು ಹೇಳಿದೆ, ಹೂವು ಬಾಡುತ್ತದೆ, ಅದಕ್ಕೆ ನಿರ್ಮಾಲ್ಯ, ಥರ್ಮೋಕೋಲು ಬಾಡುವುದೂ ಇಲ್ಲ, ನೀರಿಗೆ ಹಾಕಿದರೆ ಮುಳುಗುವುದೂ ಇಲ್ಲ, ಗಣಪತಿ ಮುಳುಗಿದ ಮೇಲೂ ಅದು ಕೆರೆಯಲ್ಲಿ ತೇಲುತ್ತಿರುತ್ತದೆ, ಅದನ್ನು ನೋಡಲಾರದೆ ಮನೆಗೆ ತಂದೆ. ಹೇಳುವಾಗ ಇದು ಬಹಳ ದೊಡ್ಡ ಮಾತೆನಿಸಿತ್ತು. ಹೇಳಿಯಾದ ಮೇಲೆ ನೋಡಿದರೆ ಬೀಗಿತ್ತಿ ಚೀಲದಲ್ಲಿ ಮೊಬೈಲು ಹುಡುಕುತ್ತಿದ್ದರು.

“ಅತ್ತೆ, ಒಂದ್ಸಲ ಬೆಳಕಿಗೆ ತಂದು ಸರಿಯಾಗಿ ನೋಡಿ,” ಎಂದಳು ಸುಧಾ. “ಅಪ್ಪ ಎಂಟು ದಿನದಿಂದ ಕೂತಿದಾರೆ.”

ಸೊಸೆಯ ಮಾತಿಗೆ ಮರ್ಯಾದೆ ಕೊಟ್ಟು ಬೀಗಿತ್ತಿ ಮೊಬೈಲನ್ನು ಎಡಗೈಗೆ ಹಿಡಿದು, ಬಲಗೈಯಲ್ಲಿ ತೊಟ್ಟಿಲನ್ನು ಕಿಟಕಿಯ ಕಡೆಗೆ ಒಮ್ಮೆ ಜೋರಾಗಿ ಎಳೆದರು.

ಪಟ್. ಪಟ್. ಒಂದು ಗಳಿಗೆ ಬಿಟ್ಟು ಮೂರನೆಯದು, ಪಚಕ್.

ಬೀಗಿತ್ತಿಯ ಸೀರೆಯ ಅಂಚಿಗೆ ಏನೋ ಚಿಮ್ಮಿತು. ಮನೆಯ ತುಂಬ ನಿಂಬೆಹಣ್ಣಿನ ವಾಸನೆ. ಎಲ್ಲರೂ ಬಗ್ಗಿ ನೋಡಿದರು. ಚಕ್ರದ ಕೆಳಗೆ ಒಡೆದ ನಿಂಬೆಹಣ್ಣುಗಳು.

ಸತ್ಯವಾಗಿ ಹೇಳುತ್ತೇನೆ, ಅವನ್ನು ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ. ಮೂವತ್ತು ವರ್ಷ ಆಯುಧಪೂಜೆಗೆ ಬಸ್ಸಿಗೆ ಜರಿ ಕಟ್ಟಿ, ಕುಚ್ಚು ಕಟ್ಟಿ, ಕೊನೆಗೆ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟ ಕೈ ಇದು. ಅಲಂಕಾರ ಮುಗಿದ ಕೂಡಲೇ ಯಜಮಾನನನ್ನು ಕೇಳದೆ ಅಡುಗೆಮನೆಗೆ ಹೋಗಿ, ಬುಟ್ಟಿಯಿಂದ ನಾಲ್ಕು ಸಣ್ಣ ನಿಂಬೆಹಣ್ಣು ತಂದು, ತನ್ನ ಕೆಲಸ ಮುಗಿಸಿ, ಏನೂ ಗೊತ್ತಿಲ್ಲದಂತೆ ಬಂದು ಮಡಿಲಲ್ಲಿ ಕೂತಿದೆ. ಚಿತ್ರಾನ್ನಕ್ಕೆ ನಿಂಬೆಹಣ್ಣು ಎಲ್ಲಿ ಹೋಯಿತು ಎಂದು ಬೆಳಿಗ್ಗೆ ಜಯಮ್ಮ ಕೇಳಿದಾಗ ನಾನು ಗೊತ್ತಿಲ್ಲ ಎಂದಿದ್ದೆ. ಸುಳ್ಳು ಹೇಳಿರಲಿಲ್ಲ.

ಕೂಸಿನ ತೊಟ್ಟಿಲನ್ನು ಸಿಟಿ ಬಸ್ಸು ಮಾಡಿದ ಅಜ್ಜನನ್ನು ಯಾವ ಬೀಗಿತ್ತಿ ತಾನೇ ಸಹಿಸುತ್ತಾರೆ? ಮುಗಿಯಿತು, ಹಾಲು, ಹಂಸ, ಬಲೂನು, ಮುಂದಿನ ಸಾಲಿನ ಕುರ್ಚಿ ಎಂದುಕೊಂಡೆ. ಕಣ್ಣು ಮೇಲೆತ್ತುವ ಧೈರ್ಯ ಆಗಲಿಲ್ಲ.

“ನಾಲ್ಕು ಇಟ್ಟಿದ್ರಾ?” ಬೀಗಿತ್ತಿ ಕೇಳಿದರು.

“ನಾಲ್ಕೇ ಇರಬೇಕು.”

“ಮೂರೇ ಒಡ್ದಿರೋದು. ಹಿಂದಿನ ಎಡಗಡೇದು ಹಾಗೇ ಇದೆ.”

ಅವರು ಸೀರೆ ಎತ್ತಿ ಕಟ್ಟಿ ನೆಲಕ್ಕೆ ಬಗ್ಗಿದ್ದರು. ಟೆಂಪೋ ಇಟ್ಟವರ ಮನೆಯ ಹೆಂಗಸು. ಒಂದು ಆಯುಧಪೂಜೆಗೆ ಅವರ ಟೆಂಪೋದ ಒಂದು ಚಕ್ರದ ನಿಂಬೆಹಣ್ಣು ಒಡೆಯದೆ ಪಕ್ಕಕ್ಕೆ ಜಾರಿತಂತೆ, ಯಾರೂ ಗಮನಿಸಲಿಲ್ಲವಂತೆ, ಮೂರೇ ದಿನಕ್ಕೆ ಗಾಡಿ ಇಟ್ಟಿಗೆ ಸಮೇತ ಚರಂಡಿಗೆ ಇಳಿಯಿತಂತೆ. ಇದನ್ನೆಲ್ಲ ಅವರು ಬಗ್ಗಿಕೊಂಡೇ ಹೇಳಿದರು. ನಿರ್ಮಾಲ್ಯ ಮರೆತುಹೋಗಿತ್ತು, ಮೊಬೈಲು ಟಿವಿಯ ಮೇಲಿತ್ತು. ಒಡೆಯದೆ ಉಳಿದ ನಿಂಬೆಹಣ್ಣಿನ ತೊಟ್ಟಿಲಲ್ಲಿ ಅವರ ವಂಶದ ಕುಡಿಯನ್ನು ಮಲಗಿಸುವುದುಂಟೆ? ಅವರು ಹಿಂದಕ್ಕೆ ತಳ್ಳಿದರು, ಮುಂದಕ್ಕೆ ಎಳೆದರು. ಖಾಲಿ ತೊಟ್ಟಿಲಿನ ಆ ಮೂಲೆಯಲ್ಲಿ ಭಾರ ಸಾಲದೆ ಚಕ್ರ ಹಣ್ಣಿನ ಮೇಲೆ ಹತ್ತಿ ಇಳಿಯುತ್ತಿತ್ತೇ ಹೊರತು ಹಣ್ಣು ಒಡೆಯಲಿಲ್ಲ.

“ಜಯಮ್ನೋರೇ, ಭಾರವಾಗಿರೋದು ಏನಾದ್ರೂ ತನ್ನಿ. ಗುಂಡುಕಲ್ಲು ಇಲ್ವಾ?”

ಜಯಮ್ಮ ಒರಳಿನ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದಳು. ಬೀಗಿತ್ತಿ ತಾವೇ ಅದನ್ನು ತೊಟ್ಟಿಲಿನೊಳಗೆ ಇಳಿಸಿ, ಎಡಮೂಲೆಗೆ ಉರುಳಿಸಿ, ಎರಡೂ ಕೈಯಲ್ಲಿ ತಳ್ಳಿದರು. ಪಟ್ ಎಂದಿತು. ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು ಉಸಿರು ಬಿಟ್ಟರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

ಆಗ ಮೂಲೆಯ ಕುರ್ಚಿಯಿಂದ ಬೀಗರು ಮಾತಾಡಿದರು.

“ಗುಂಡುಕಲ್ಲು ತೊಟ್ಟಿಲಿಗೆ ಹಾಕ್ದೆ ಕಣೇ ನೀನು.”

ನಮ್ಮಲ್ಲಿ ನಾಮಕರಣ ಶುರುವಾಗುವುದೇ ಹಾಗೆ. ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಇಳಿಸಿ, ಆಮೇಲೆ ಮಗು.

“ಶಾಸ್ತ್ರ ಇಲ್ಲಿ ಶುರುವಾಗೋಯ್ತು,” ಎಂದರು ಬೀಗರು. “ಇನ್ನು ಬೇರೆ ಕಡೆ ಮುಗಿಸಕ್ಕಾಗುತ್ತಾ?”

ಬೀಗಿತ್ತಿ ಗಂಡನನ್ನು ನೋಡಿದರು, ಕಲ್ಲನ್ನು ನೋಡಿದರು. ಅದು ಎತ್ತಿನ ಕುಚ್ಚುಗಳ ನಡುವೆ ಯಾವುದೋ ದೊಡ್ಡ ಮನೆತನದ ಕೂಸಿನ ಹಾಗೆ ಮಲಗಿತ್ತು. ಆಮೇಲೆ ಛತ್ರಿಯ ಹತ್ತಿರ ಹೋಗಿ, ಒಂದು ಕಡೆ ವಾಲಿದೆ ಎಂದು ಗೊಣಗಿ, ತಾವೇ ಅದನ್ನು ನೆಟ್ಟಗೆ ಮಾಡಿದರು. ಮೇಲೊಂದು ಹೊಸ ಬಟ್ಟೆ ಹೊದಿಸಿಬಿಡಿ, ದೋಷ ಇರುವುದಿಲ್ಲ ಎಂದರು. ಎರಡು ಬಲೂನು ಮಾತ್ರ ತಾವು ತಂದೇ ತರುತ್ತೇವೆ ಎಂದರು. ನಾನು ಇಪ್ಪತ್ತು ತನ್ನಿ ಎಂದೆ. ಆ ಹೊತ್ತಿನಲ್ಲಿ ಅವರು ಪೆಟ್ರೋಲ್ ಬಂಕು ತರುತ್ತೇವೆ ಎಂದಿದ್ದರೂ ನಾನು ಜಾಗ ಮಾಡುತ್ತಿದ್ದೆ.

ನಾಮಕರಣ ಗುರುವಾರ, ಅಲ್ಲಿಯವರೆಗೆ ಆ ಕಲ್ಲನ್ನು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಜಯಮ್ಮ ನಾಲ್ಕು ದಿನ ಮಿಕ್ಸಿಯಲ್ಲಿ ಚಟ್ನಿ ಮಾಡಿದಳು, ನಾನು ನಾಲ್ಕು ದಿನವೂ ಚೆನ್ನಾಗಿದೆ ಎಂದೆ.

ನಾಮಕರಣದ ದಿನ ನಮ್ಮ ಮನೆಯೊಳಗೆ ಎಷ್ಟು ಜನ ಇದ್ದರೆಂದರೆ ಸಂಜೆ ಬಸ್ಸಿನ ರಶ್ಶು ಏನೂ ಅಲ್ಲ. ಫೋಟೋದವರು ಕೊನೆಗೂ ಕಿಟಕಿಯ ಹೊರಗೆ ಸ್ಟೂಲ್ ಹಾಕಿಕೊಂಡು ನಿಂತರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನಾನು ತೊಟ್ಟಿಲ ಹಿಂದೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನಿಂತಿದ್ದೆ. ತಾತ, ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದರು ಫೋಟೋದವರು. ಆಗಲ್ಲಪ್ಪ ಎಂದೆ. ಹೀಗಾಗಿ ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ, ಬೀಗಿತ್ತಿಯ ಭುಜದ ಹಿಂದೆ, ನನ್ನ ಒಂದು ಕಿವಿ, ಅರ್ಧ ಮೀಸೆ ಬಂದಿದೆ. ಫೋಟೋ ಎಲ್ಲ ಹಾಳಾಯಿತು ಎಂದು ಬೀಗಿತ್ತಿ ಈಗಲೂ ಹೇಳುತ್ತಾರೆ. ಹೇಳಲಿ. ನನ್ನ ಮಗಳ ನಾಮಕರಣದ ಫೋಟೋದಲ್ಲಿ ಅಷ್ಟೂ ಇಲ್ಲ.